ಅದೇ ತಿರುಗಿತು ಗೌಡ್ರೇ... ಅರ್ಥಾತ್ ಪಿಕಪ್ ಎತ್ತಿದವರ ಚರಿತ್ರೆ

ಈ ಕಡೆ ತಲೆ ಹಾಕದೆ ತಿಂಗಳುಗಳೇ ಕಳೆದವು. ಬ್ಲಾಗಿನ ಮೂಲೆಮೂಲೆಯಲ್ಲೂ ಜೇಡ ಬಲೆ ಕಟ್ಟಿರಬೇಕು :-) ಇವತ್ತು ಬರೆಯಹೊರಟಿರುವುದು ಸ್ವಲ್ಪ ಗ್ರೀಸು ಮೆತ್ತಿಕೊಂಡ ವಿಷಯ. ಪಿಕಪ್ ಗಾಡಿ, ಅದರ ಸ್ಪ್ರಿಂಗು, ಅದರ ಸ್ಟಿಯರಿಂಗು. "ಇದೇನಪ್ಪಾ, ಕಥೆ ಕವನ ಬಿಟ್ಟು ಗ್ಯಾರೇಜಿಗೆ ಕರಕೊಂಡು ಬಂದ" ಅಂತ ಎದ್ದು ಹೊರಡಬೇಡಿ. ಇದರೊಳಗೆ ಇನ್ನೂರು ವರ್ಷದ ಚರಿತ್ರೆ ಇದೆ, ಒಬ್ಬ ಮನುಷ್ಯನಿಗೆ ಆದ ಅನ್ಯಾಯವೂ ಇದೆ. ಅನ್ಯಾಯದಿಂದಲೇ ಶುರು ಮಾಡುತ್ತೇನೆ.

ನಾನಾಗ ಏಳನೇ ಕ್ಲಾಸು. ಮೂಡಿಗೆರೆ ಕಡೆಯ ದೊಡ್ಡಪ್ಪನ ಮನೆಯಲ್ಲಿ ಒಂದು ಹಳೇ ಜೀಪಿತ್ತು. ಹಿಂದಿನ ಭಾಗ ಬಿಚ್ಚಿಸಿ, ತಗಡಿನ ಡಬ್ಬ ಕಟ್ಟಿಸಿ, ಪಿಕಪ್ ಥರ ಮಾಡಿಕೊಂಡಿದ್ದರು. ಕಾಫಿ ಮೂಟೆ, ಗೊಬ್ಬರ, ಆಳುಗಳು, ಮದುವೆ ದಿಬ್ಬಣ, ಎಲ್ಲಕ್ಕೂ ಅದೇ. ತೋಟದ ರಸ್ತೆಯಲ್ಲಿ ಎರಡು ಗಾಲಿಜಾಡಿನ ನಡುವೆ ದಿಬ್ಬ ಎದ್ದು, ಮಳೆಗಾಲದಲ್ಲಿ ಜೀಪಿನ ಹೊಟ್ಟೆ ಅದರ ಮೇಲೆ ಕೂತುಬಿಡುತ್ತಿತ್ತು. ಪೇಟೆಯ ಗ್ಯಾರೇಜಿನವರೊಬ್ಬರು "ಎತ್ತಿಕೊಡ್ತೀವಿ ಬಿಡಿ" ಎಂದರು. ಮುಂದೆ ಹಿಂದೆ ಎರಡೆರಡು ಪ್ಲೇಟು ಹೆಚ್ಚಿಗೆ ಹಾಕಿ, ಸ್ಪ್ರಿಂಗಿನ ತುದಿಗೆ ಉದ್ದನೆಯ ಶ್ಯಾಕಲ್ ಮಾಡಿಸಿ, ಮೂರು ಇಂಚು ಎತ್ತಿಕೊಟ್ಟರು. ಜೀಪು ಮನೆಗೆ ಬಂದ ದಿನ ನಾವು ಹುಡುಗರೆಲ್ಲ ಅದರ ಕೆಳಗೆ ನುಸುಳಿ ಕುಣಿದದ್ದೇ ಕುಣಿದದ್ದು.

ಒಂದು ತಿಂಗಳಾಗಿರಬೇಕು. ಮೂಟೆ ಹೇರಿಕೊಂಡು ಇಳಿಜಾರಿನಲ್ಲಿ ಬರುವಾಗ ಮುಂದಿನ ಚಕ್ರ ಒಂದು ಗುಂಡಿಗೆ ಇಳಿದದ್ದೇ ತಡ, ಜೀಪು ಸರಕ್ಕನೆ ಬಲಕ್ಕೆ ಹೊರಳಿ ರಸ್ತೆ ಬಿಟ್ಟು ಇಳಿಯಿತು. ಒಂದು ಸಿಲ್ವರ್ ಓಕ್ ಮರ ಅಡ್ಡ ಇದ್ದದ್ದರಿಂದ ನಿಂತಿತು. ಹಿಂದೆ ಕೂತಿದ್ದ ಆಳೊಬ್ಬನ ಕೈ ಮುರಿಯಿತು. ಡ್ರೈವರಣ್ಣ (ನಾವು ಹುಡುಗರು ಹಾಗೇ ಕರೆಯುತ್ತಿದ್ದುದು) ನಡುಗುತ್ತಾ ಬಂದು ಅಂಗಳದಲ್ಲಿ ನಿಂತು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ.

"ನಾನು ತಿರುಗಿಸ್ಲಿಲ್ಲ ಗೌಡ್ರೇ... ಸ್ಟಿಯರಿಂಗ್ ಗಟ್ಟಿಯಾಗೇ ಹಿಡ್ಕಂಡಿದ್ದೆ. ಅದೇ ತಿರುಗಿತು."

ಯಾರೂ ನಂಬಲಿಲ್ಲ. ಕುಡಿದಿದ್ದ ಎಂದರು ಕೆಲವರು, ತೂಕಡಿಸಿದ ಎಂದರು ಇನ್ನು ಕೆಲವರು. ಮುಂದಿನ ವಾರ ಅವನು ಕೆಲಸ ಬಿಟ್ಟು ಹೋದ. ಬಿಟ್ಟು ಹೋದ ಅನ್ನುವುದಕ್ಕಿಂತ ಕಳಿಸಿದರು ಅನ್ನುವುದೇ ಸರಿ. ನಾನೂ ನಂಬಿರಲಿಲ್ಲ. ಕೈಯಲ್ಲಿ ಹಿಡಿದ ಸ್ಟಿಯರಿಂಗು ಅಲ್ಲಾಡದೆ ಚಕ್ರ ಮಾತ್ರ ತಿರುಗುವುದು ಎಲ್ಲಾದರೂ ಉಂಟೇ?

ಉಂಟು. ಅದನ್ನು ತಿಳಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ತಿಳಿದದ್ದು ಬೇರೆಯದೇ ದೇಶದಲ್ಲಿ, ಬೇರೆಯದೇ ಗಾಡಿಯ ಕೆಳಗೆ.

*

ಕೆಲಸದ ಮೇಲೆ ಕೆಲವು ವರ್ಷ ಕ್ಯಾಲಿಫೋರ್ನಿಯಾದಲ್ಲಿದ್ದೆ. ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನ ಬಳಿ 1985ರ ಒಂದು ಟೊಯೊಟಾ ಪಿಕಪ್ ಇತ್ತು. ವಾರವಿಡೀ ಕಂಪ್ಯೂಟರ್ ಮುಂದೆ ಕೂತವನು ಶನಿವಾರ ಬಂತೆಂದರೆ ಅದರ ಕೆಳಗೆ ಮಲಗುತ್ತಿದ್ದ. ಒಂದು ಶನಿವಾರ ಸ್ಪ್ಯಾನರ್ ಎತ್ತಿಕೊಡುವ ಕೆಲಸಕ್ಕೆ ನಾನೂ ಹೋಗಿದ್ದೆ. ಗಾಡಿಯನ್ನು ನಾಲ್ಕು ಇಂಚು ಎತ್ತಿದ್ದನಂತೆ. "ಎತ್ತಿದ ಮೇಲೆ ಹಳ್ಳಕ್ಕೆ ಇಳಿದಾಗಲೆಲ್ಲ ತಾನೇ ತಿರುಗೋಕೆ ಶುರು ಮಾಡಿದೆ, ಅದಕ್ಕೇ ಸ್ಟಿಯರಿಂಗ್ ಪೂರ್ತಿ ಬದಲಾಯಿಸ್ತಿದ್ದೀನಿ" ಎಂದ. ನನ್ನ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು. ಡ್ರೈವರಣ್ಣನ ಮಾತು ಇಂಗ್ಲಿಷಿನಲ್ಲಿ ಕೇಳಿಸಿದಂತಾಯ್ತು.

ಅವತ್ತಿನಿಂದ ಹಿಡಿದ ಹುಚ್ಚು ಇದು. ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತಾ ಹೋದಂತೆ ಕಥೆ ಹಿಂದೆ ಹಿಂದೆ ಸರಿದು ಕುದುರೆ ಗಾಡಿಯ ಹತ್ತಿರ ಹೋಗಿ ನಿಂತಿತು.

ನಮ್ಮ ಎತ್ತಿನ ಗಾಡಿಗೆ ಸ್ಟಿಯರಿಂಗಿನ ಗೋಜಿಲ್ಲ. ಎರಡೇ ಚಕ್ರ, ಒಂದೇ ಅಚ್ಚು. ಎತ್ತು ತಿರುಗಿದರೆ ಗಾಡಿ ತಿರುಗಿತು. ಸ್ಪ್ರಿಂಗೂ ಇಲ್ಲ, ಕೂತವನ ಸೊಂಟವೇ ಸ್ಪ್ರಿಂಗು. ನಾಲ್ಕು ಚಕ್ರದ ಗಾಡಿ ಬಂದಾಗ ತಾಪತ್ರಯ ಶುರುವಾಯಿತು. ಮುಂದಿನ ಅಚ್ಚನ್ನು ನಡುವೆ ಒಂದೇ ಗೂಟದ ಮೇಲೆ ಕೂರಿಸಿ ಇಡೀ ಅಚ್ಚನ್ನೇ ತಿರುಗಿಸುತ್ತಿದ್ದರು. ತಿರುವಿನಲ್ಲಿ ಗಾಡಿ ಪಲ್ಟಿ ಹೊಡೆಯುವ ಭಯ. ಮ್ಯೂನಿಕ್ಕಿನ ಗಾಡಿ ತಯಾರಕ ಗಿಯೋರ್ಗ್ ಲಾಂಕೆನ್ಸ್‌ಪೆರ್ಗರ್ ಎಂಬಾತ ಇದಕ್ಕೊಂದು ಉಪಾಯ ಕಂಡುಹಿಡಿದ. ಅಚ್ಚು ಇದ್ದಲ್ಲೇ ಇರಲಿ, ಅದರ ಎರಡು ತುದಿಯಲ್ಲಿ ಒಂದೊಂದು ಕೀಲಿಟ್ಟು ಚಕ್ರಗಳನ್ನಷ್ಟೇ ತಿರುಗಿಸೋಣ ಎಂದು. ಲಂಡನ್ನಿನಲ್ಲಿ ಅವನ ಪರವಾಗಿ 1818ರಲ್ಲಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್‌ಮನ್. ಕಂಡುಹಿಡಿದವನ ಹೆಸರು ಮರೆತುಹೋಯಿತು, ಅರ್ಜಿ ಹಾಕಿದವನ ಹೆಸರು ಉಳಿಯಿತು. ಇಂದಿಗೂ ಅದನ್ನು ಕರೆಯುವುದು ಆಕರ್‌ಮನ್ ಸ್ಟಿಯರಿಂಗ್ ಎಂದೇ. ಸ್ಪ್ರಿಂಗಿನ ಕಥೆಯೂ ಅದೇ ಕಾಲದ್ದು. ಲಂಡನ್ನಿನ ಒಬಡಯಾ ಎಲಿಯಟ್ ಎಂಬ ಗಾಡಿ ತಯಾರಕ 1804ರಲ್ಲಿ ಪ್ಲೇಟಿನ ಸ್ಪ್ರಿಂಗುಗಳ ಮೇಲೆ ಗಾಡಿ ಕೂರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ.

ಎರಡೂ ಬಂದವು, ಸರಿ. ಆದರೆ ಇವೆರಡೂ ಒಂದೇ ಅಚ್ಚಿನ ಮೇಲೆ ಸಂಸಾರ ಮಾಡಬೇಕಲ್ಲ, ಜಗಳ ಅಲ್ಲಿಂದ. ಸ್ಪ್ರಿಂಗಿಗೆ ಅಚ್ಚು ಮೇಲೆ ಕೆಳಗೆ ಕುಣಿಯಬೇಕು. ಸ್ಟಿಯರಿಂಗಿಗೆ ಅಚ್ಚು ಕದಲದೆ ನಿಂತಿರಬೇಕು. ಮುಂದಿನ ಇನ್ನೂರು ವರ್ಷದ ಎಂಜಿನಿಯರುಗಳು ಮಾಡಿದ್ದು ಈ ಗಂಡಹೆಂಡಿರ ಜಗಳದ ರಾಜಿ ಪಂಚಾಯ್ತಿಯನ್ನೇ.

*

ಈಗ 1941ಕ್ಕೆ ಜಿಗಿಯೋಣ. ಎರಡನೇ ಮಹಾಯುದ್ಧದ ಜೀಪು. ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದವು. ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಅಚ್ಚು, ಅಂದರೆ ಎಡ ಚಕ್ರದಿಂದ ಬಲ ಚಕ್ರದವರೆಗೆ ಒಂದೇ ತುಂಡಿನ ಆಕ್ಸಲ್. ಮೇಲೆ ಪ್ಲೇಟ್ ಸ್ಪ್ರಿಂಗು. ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಜೀಪು ಹೊಲಕ್ಕೂ ಬಂತು, ಬೇಟೆಗೂ ಬಂತು. ನಮ್ಮಲ್ಲಿ ಸ್ವಾತಂತ್ರ್ಯ ಬಂದ ಹೊಸತರಲ್ಲೇ ಮಹೀಂದ್ರಾದವರು ಮುಂಬಯಿಯಲ್ಲಿ ಅದನ್ನು ಜೋಡಿಸತೊಡಗಿದರು. ದೊಡ್ಡಪ್ಪನ ಜೀಪು ಈ ವಂಶದ್ದೇ.

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಜಾರ್ಜ್‌ಟೌನಿನಿಂದ ತಾಹೋ ಸರೋವರದ ಕಡೆಗೆ ರುಬಿಕಾನ್ ಟ್ರೇಲ್ ಎಂಬ ಹಳೇ ಹಾದಿ ಇದೆ. ಸುಮಾರು 35 ಕಿಲೋಮೀಟರು, ಬರೀ ಬಂಡೆ. 1953ರಲ್ಲಿ ಐವತ್ತಕ್ಕೂ ಹೆಚ್ಚು ಜೀಪುಗಳು ಗುಂಪಾಗಿ ಈ ಹಾದಿ ದಾಟಿದವು. ಅದೇ ಮುಂದೆ ವರ್ಷ ವರ್ಷ ನಡೆಯುವ ಜಾತ್ರೆಯಾಯಿತು. ಬಂಡೆ ಹತ್ತುವುದೇ ಒಂದು ಆಟ ಎಂದು ಅಲ್ಲಿನವರಿಗೆ ಹೊಳೆದದ್ದು ಇಂಥ ಕಡೆಗಳಲ್ಲಿ. ಬಂಡೆ ಹತ್ತಬೇಕಾದರೆ ದೊಡ್ಡ ಟೈರು ಬೇಕು, ದೊಡ್ಡ ಟೈರಿಗೆ ಜಾಗ ಬೇಕು, ಜಾಗಕ್ಕೆ ಗಾಡಿ ಎತ್ತಬೇಕು. ಹೀಗೆ ಶುರುವಾಯಿತು ಎತ್ತುವ ಕಥೆ.

ಪಿಕಪ್ಪುಗಳೂ ಈ ಆಟಕ್ಕೆ ಇಳಿದವು. 1946ರಷ್ಟು ಹಿಂದೆಯೇ ಡಾಡ್ಜ್ ಕಂಪನಿ ಯುದ್ಧದ ಟ್ರಕ್ಕನ್ನು ಪವರ್ ವ್ಯಾಗನ್ ಎಂಬ ಹೆಸರಲ್ಲಿ ರೈತರಿಗೆ ಮಾರಿತ್ತು. ಆದರೆ ಅದು ಆನೆ. ಬಂಡೆಗಳ ನಡುವೆ ನುಸುಳಲು ಆನೆಗಿಂತ ಮೇಕೆ ವಾಸಿ. ಆ ಮೇಕೆ ಬಂದದ್ದು ಜಪಾನಿನಿಂದ.

*

ಟೊಯೊಟಾ ಹೈಲಕ್ಸ್ ಹುಟ್ಟಿದ್ದು 1968ರಲ್ಲಿ. ಅಮೆರಿಕದಲ್ಲಿ 1970ರ ದಶಕದ ನಡುವಿನಲ್ಲಿ ಆ ಹೆಸರು ಬಿಟ್ಟು ಬರೀ "ಟೊಯೊಟಾ ಟ್ರಕ್" ಎಂದು ಮಾರತೊಡಗಿದರು. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಮಾದರಿ ಅಲ್ಲಿಗೆ ಬಂದದ್ದು 1979ರ ಮಾಡೆಲ್ಲಾಗಿ. ಚಿಕ್ಕ ಮೈ, ಹಗುರ ತೂಕ, ಸಾಯದ ಎಂಜಿನ್ನು, ಮುಂದೆ ಹಿಂದೆ ಗಟ್ಟಿ ಆಕ್ಸಲ್, ಪ್ಲೇಟ್ ಸ್ಪ್ರಿಂಗು. ಜೀಪಿನ ಎಲುಬು, ಪಿಕಪ್ಪಿನ ಮೈ. 1985ರಲ್ಲಿ ಬಂದ "ಬ್ಯಾಕ್ ಟು ದ ಫ್ಯೂಚರ್" ಸಿನಿಮಾದಲ್ಲಿ ಆ ಹುಡುಗ ಆಸೆಯಿಂದ ನೋಡುವ ಕಪ್ಪು ಪಿಕಪ್ ನೆನಪಿದೆಯೇ? ಅದು ಇದೇ.

ಬಂಡೆಯ ಮೇಲೆ ಗಟ್ಟಿ ಆಕ್ಸಲ್ ಯಾಕೆ ಒಳ್ಳೆಯದು ಎನ್ನುವುದಕ್ಕೆ ಅಂಗಡಿಯ ತಕ್ಕಡಿ ನೆನಪಿಸಿಕೊಂಡರೆ ಸಾಕು. ತಕ್ಕಡಿಯ ಒಂದು ತಟ್ಟೆ ಮೇಲೆ ಹೋದರೆ ಇನ್ನೊಂದು ತಾನಾಗಿ ಕೆಳಗಿಳಿಯುತ್ತದೆ. ಹಾಗೇ ಎಡ ಚಕ್ರ ಬಂಡೆ ಹತ್ತಿದರೆ ಬಲ ಚಕ್ರ ನೆಲಕ್ಕೆ ಒತ್ತಿಕೊಳ್ಳುತ್ತದೆ, ಹಿಡಿತ ತಪ್ಪುವುದಿಲ್ಲ. ಇನ್ನೊಂದು ಲಾಭವೂ ಇದೆ. ಆಕ್ಸಲ್ಲಿನ ನಡುವಿನ ಗುಂಡು, ನಮ್ಮ ಡ್ರೈವರುಗಳು ಡಿಫ್ರೆನ್ಶಿಯಲ್ ಅನ್ನುವುದು, ಚಕ್ರಗಳ ಜೊತೆಗೇ ಮೇಲೇರುತ್ತದೆ. ಹಾಗಾಗಿ ಮೇಲೆ ಎಷ್ಟೇ ಹೊರೆ ಬೀಳಲಿ, ಆ ಗುಂಡಿಗೂ ನೆಲಕ್ಕೂ ನಡುವಿನ ಅಂತರ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ.

ಎಲ್ಲ ಚೆಂದ. ಚೆಂದ ಇಲ್ಲದ್ದು ಸ್ಟಿಯರಿಂಗು. ಆ ಪಿಕಪ್ಪಿನ ಸ್ಟಿಯರಿಂಗ್ ಪೆಟ್ಟಿಗೆ ಎಡಗಡೆ ಚಾಸಿಯ ಮೇಲೆ ಕೂತಿದೆ. ಅದರಿಂದ ಹೊರಟ ಡ್ರ್ಯಾಗ್ ಲಿಂಕ್ ಎಂಬ ಸರಳು ಗಾಡಿಯ ಉದ್ದಕ್ಕೆ ಸಾಗಿ ಎಡ ಚಕ್ರದ ತೋಳಿಗೆ ಸೇರುತ್ತದೆ. ಸರಳನ್ನು ದೂಡಿದರೆ ಒಂದು ಕಡೆ, ಎಳೆದರೆ ಇನ್ನೊಂದು ಕಡೆ ಚಕ್ರ ತಿರುಗುತ್ತದೆ. ಎಡ ಚಕ್ರದಿಂದ ಟೈ ರಾಡ್ ಹೋಗಿ ಬಲ ಚಕ್ರವನ್ನೂ ತಿರುಗಿಸುತ್ತದೆ. ಹಳೇ ಜೀಪುಗಳಲ್ಲೂ ವಿವರ ಬೇರೆಯಾದರೂ ಉಪಾಯ ಹೆಚ್ಚುಕಮ್ಮಿ ಇದೇ. ಸರಳು ಹಿಂದಿನಿಂದ ಮುಂದಕ್ಕೆ, ಗಾಡಿಯ ಉದ್ದಕ್ಕೆ.

ಇಲ್ಲೇ ನೋಡಿ ಡ್ರೈವರಣ್ಣನ ಸಾಕ್ಷಿ ಇರುವುದು.

ಒಂದು ಕರುವನ್ನು ಎರಡು ಗೂಟಕ್ಕೆ ಎರಡು ಹಗ್ಗದಲ್ಲಿ ಕಟ್ಟಿದ್ದೀರಿ ಅಂದುಕೊಳ್ಳಿ. ಗೂಟಗಳು ಹತ್ತಿರ ಇದ್ದು ಹಗ್ಗಗಳು ಒಂದೇ ಅಳತೆಯವಾದರೆ ಕರು ಸುತ್ತುವಾಗ ತೊಂದರೆಯಿಲ್ಲ. ಒಂದು ಗೂಟವನ್ನು ಕಿತ್ತು ದೂರ ನೆಟ್ಟರೆ? ಒಂದು ಹಗ್ಗ ಸಡಿಲ ಇರುವಾಗಲೇ ಇನ್ನೊಂದು ಕುತ್ತಿಗೆ ಎಳೆಯುತ್ತದೆ. ಇಲ್ಲಿ ಕರು ಅಂದರೆ ಆಕ್ಸಲ್. ಸ್ಪ್ರಿಂಗು ಒಂದು ಹಗ್ಗ, ಡ್ರ್ಯಾಗ್ ಲಿಂಕ್ ಇನ್ನೊಂದು. ಚಕ್ರ ಗುಂಡಿಗೆ ಇಳಿದಾಗ ಸ್ಪ್ರಿಂಗಿನ ಲೆಕ್ಕದಲ್ಲಿ ಆಕ್ಸಲ್ ಒಂದು ಕಮಾನಿನ ಹಾದಿಯಲ್ಲಿ ಚಲಿಸುತ್ತದೆ, ಸರಳಿನ ತುದಿ ತನ್ನದೇ ಇನ್ನೊಂದು ಕಮಾನು ಬರೆಯುತ್ತದೆ. ಫ್ಯಾಕ್ಟರಿಯಲ್ಲಿ ಈ ಎರಡು ಕಮಾನು ಆದಷ್ಟು ಹೊಂದುವಂತೆ ಸರಳನ್ನು ಮಟ್ಟಸವಾಗಿ ಇಟ್ಟಿರುತ್ತಾರೆ. ಗಾಡಿ ಎತ್ತಿದಿರೋ, ಸ್ಟಿಯರಿಂಗ್ ಪೆಟ್ಟಿಗೆ ಚಾಸಿಯ ಜೊತೆ ಮೇಲೆ ಹೋಯಿತು, ಚಕ್ರ ನೆಲದಲ್ಲೇ ಉಳಿಯಿತು, ಸರಳು ಇಳಿಜಾರಾಯಿತು. ಕಮಾನುಗಳು ಬೇರೆ ಬೇರೆಯಾದವು. ಈಗ ಚಕ್ರ ಗುಂಡಿಗೆ ಇಳಿದರೆ ಆ ವ್ಯತ್ಯಾಸ ಎಲ್ಲಿಗೆ ಹೋಗಬೇಕು? ಚಕ್ರದ ತೋಳನ್ನು ಎಳೆಯುತ್ತದೆ ಅಥವಾ ದೂಡುತ್ತದೆ. ಅಂದರೆ ಚಕ್ರ ತಿರುಗುತ್ತದೆ. ಸ್ಟಿಯರಿಂಗ್ ಹಿಡಿದವನ ಕೈ ಕಲ್ಲಿನಂತೆ ನಿಂತಿದ್ದರೂ ತಿರುಗುತ್ತದೆ. ಗಟ್ಟಿಯಾಗಿ ಹಿಡಿದಷ್ಟೂ ಸರಳಿನ ಆ ತುದಿ ಕದಲುವುದಿಲ್ಲ, ಆದ್ದರಿಂದ ಈ ತುದಿ ತಿರುಗಲೇಬೇಕು!

ಸಾಲದ್ದಕ್ಕೆ ಉದ್ದನೆಯ ಶ್ಯಾಕಲ್ ಬೇರೆ. ಕೈ ಬಿಟ್ಟರೂ ಸೈಕಲ್ಲು ನೆಟ್ಟಗೆ ಓಡುವುದಕ್ಕೆ ಅದರ ಮುಂದಿನ ಫೋರ್ಕು ಸ್ವಲ್ಪ ಓರೆಯಾಗಿ ಇರುವುದೂ ಒಂದು ಕಾರಣ. ಆಕ್ಸಲ್ಲಿಗೂ ಅಂಥದೊಂದು ಓರೆ ಇದೆ, ಕ್ಯಾಸ್ಟರ್ ಎನ್ನುತ್ತಾರೆ. ಸ್ಪ್ರಿಂಗಿನ ಒಂದೇ ತುದಿಯ ಶ್ಯಾಕಲ್ ಉದ್ದ ಮಾಡಿದರೆ ಸ್ಪ್ರಿಂಗಿನ ಜೊತೆ ಆಕ್ಸಲ್ಲೂ ಹೊರಳಿ ಆ ಓರೆ ಬದಲಾಗುತ್ತದೆ. ಗಾಡಿ ಅಲೆಯತೊಡಗುತ್ತದೆ, ತಿರುಗಿದ ಚಕ್ರ ತಾನಾಗಿ ನೆಟ್ಟಗಾಗುವ ಗುಣ ಕಳೆದುಕೊಳ್ಳುತ್ತದೆ.

ಕ್ಯಾಲಿಫೋರ್ನಿಯಾದ ಆ ಗ್ಯಾರೇಜಿನಲ್ಲಿ ನನ್ನ ಮಿತ್ರ ಇದನ್ನು ಒಂದು ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದು ತೋರಿಸಿದಾಗ ನನಗೆ ನಾಚಿಕೆಯಾಯಿತು. ಎರಡು ಗೆರೆಯಲ್ಲಿ ಅರ್ಥವಾಗುವ ವಿಷಯಕ್ಕೆ ಒಬ್ಬನ ಅನ್ನ ಹೋಗಿತ್ತು.

*

ಚರಿತ್ರೆಗೆ ವಾಪಸು ಬರೋಣ. 1986ರ ಮಾಡೆಲ್ಲಿಗೆ ಟೊಯೊಟಾ ಅಮೆರಿಕದ ತನ್ನ ಫೋರ್ ವ್ಹೀಲ್ ಪಿಕಪ್ಪಿನ ಮುಂದಿನ ಗಟ್ಟಿ ಆಕ್ಸಲ್ಲನ್ನೇ ಕಿತ್ತುಹಾಕಿತು. ಪ್ಲೇಟ್ ಸ್ಪ್ರಿಂಗೂ ಹೋಯಿತು. ಬದಲಿಗೆ ಎಡ ಬಲ ಚಕ್ರಗಳು ತಮ್ಮ ಪಾಡಿಗೆ ತಾವು ಆಡುವ ಸ್ವತಂತ್ರ ಸಸ್ಪೆನ್ಷನ್, ತಿರುಚಿಕೊಳ್ಳುವ ಉದ್ದ ಸರಳೇ ಸ್ಪ್ರಿಂಗಾಗಿರುವ ಟಾರ್ಷನ್ ಬಾರ್. ಕಂಪನಿಯದು ತಪ್ಪು ಲೆಕ್ಕವೇನಲ್ಲ. ಪಿಕಪ್ ಕೊಳ್ಳುವವರಲ್ಲಿ ಬಂಡೆ ಹತ್ತುವವರು ಎಷ್ಟು ಮಂದಿ? ಹೆಚ್ಚಿನವರು ಹೆದ್ದಾರಿಯಲ್ಲಿ ಆಫೀಸಿಗೆ ಹೋಗಿ ಬರುವವರು. ಅವರಿಗೆ ಮೆತ್ತನೆ ಸವಾರಿ ಬೇಕು, ವೇಗದಲ್ಲಿ ಸ್ಟಿಯರಿಂಗ್ ಕರಾರುವಾಕ್ಕಾಗಿರಬೇಕು. ಕುತೂಹಲದ ಸಂಗತಿ ಎಂದರೆ ಆಸ್ಟ್ರೇಲಿಯಾದಂಥ ಕಡೆ ಅದೇ ಹೈಲಕ್ಸಿಗೆ ಗಟ್ಟಿ ಆಕ್ಸಲ್ 1990ರ ದಶಕದಲ್ಲೂ ಮುಂದುವರಿಯಿತು. ಯಾರಿಗೆ ಏನು ಬೇಕೆಂದು ಕಂಪನಿಗೆ ಗೊತ್ತಿತ್ತು.

ಬಂಡೆಯವರಿಗೆ ಮಾತ್ರ ಹೊಟ್ಟೆಗೆ ಒದ್ದಂತಾಯಿತು. ತಕ್ಕಡಿಯ ಗುಣ ಹೋಯಿತು. ಹೊಸದರಲ್ಲಿ ಡಿಫ್ರೆನ್ಶಿಯಲ್ ಚಾಸಿಗೆ ಅಂಟಿಕೊಂಡಿದ್ದು, ಚಕ್ರಗಳು ಮೇಲೆ ಹೋದಂತೆ ಅದು ನೆಲದ ಹತ್ತಿರ ಬರುತ್ತದೆ. ಎತ್ತೋಣವೆಂದು ಟಾರ್ಷನ್ ಬಾರನ್ನು ಬಿಗಿ ಮಾಡಿದರೆ ಗಾಡಿಯೇನೋ ಏಳುತ್ತದೆ, ಆದರೆ ಚಕ್ರ ಕೆಳಗಿಳಿಯಲು ಇದ್ದ ಅವಕಾಶವೇ ಮುಗಿದುಹೋಗುತ್ತದೆ. ಚಕ್ರಕ್ಕೆ ಬಲ ಕೊಂಡೊಯ್ಯುವ ಕೀಲುಗಳು ವಿಪರೀತ ಕೋನದಲ್ಲಿ ಸವೆಯುತ್ತವೆ.

ಆಗ ಶುರುವಾದದ್ದೇ ಹಿಂದಕ್ಕೆ ಹೋಗುವ ಚಳವಳಿ. ಹೊಸ ಪಿಕಪ್ ಕೊಂಡು ಅದರ ಮುಂದಿನ ಸಸ್ಪೆನ್ಷನ್ ಪೂರ್ತಿ ಕತ್ತರಿಸಿ ಬಿಸಾಡುವುದು. ಗುಜರಿಯಲ್ಲಿ ಹುಡುಕಿ 1979ರಿಂದ 85ರ ಒಳಗಿನ ಹಳೇ ಆಕ್ಸಲ್ ತರುವುದು. ಚಾಸಿಗೆ ಹೊಸ ಕೊಂಡಿಗಳನ್ನು ವೆಲ್ಡ್ ಮಾಡಿ ಪ್ಲೇಟ್ ಸ್ಪ್ರಿಂಗಿನ ಮೇಲೆ ಅದನ್ನು ಕೂರಿಸುವುದು. ನಮ್ಮೂರಲ್ಲಿ ಯಾರಾದರೂ ಹೊಸ ಮಾರುತಿ ಕೊಂಡು ಅದಕ್ಕೆ ಎತ್ತಿನಗಾಡಿ ಅಚ್ಚು ಹಾಕಿಸಿದರೆ ಏನನ್ನುತ್ತೀರಿ? ಅಲ್ಲಿ ನಡೆದದ್ದು ಹೆಚ್ಚುಕಮ್ಮಿ ಅದೇ. ಇದರಲ್ಲೂ ಸಾಲ ತೀರಲಿಲ್ಲ. ಹೊಸ ಪಿಕಪ್ಪಿನ ಹಿಂದಿನ ಆಕ್ಸಲ್ ಹಳೆಯದಕ್ಕಿಂತ ಸುಮಾರು ಮೂರು ಇಂಚು ಅಗಲ. ಮುಂದೆ ಹಳೇ ಆಕ್ಸಲ್ ಹಾಕಿದರೆ ಗಾಡಿ ಮುಂದೆ ಕಿರಿದು ಹಿಂದೆ ಅಗಲ. ಅದಕ್ಕೆ ಮುಂದಿನ ಚಕ್ರಗಳಿಗೆ ಸ್ಪೇಸರ್ ಹಾಕಬೇಕು. ಒಂದನ್ನು ಮುಟ್ಟಿದರೆ ಇನ್ನೊಂದು ಸಾಲ ಕೇಳಲು ಬಾಗಿಲಿಗೆ ಬರುತ್ತದೆ.

ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ತಿರುವು ಈಗ ಬರುತ್ತದೆ.

ಎತ್ತಿದ ಗಾಡಿಯ ಸ್ಟಿಯರಿಂಗಿಗೆ ಮೊದಮೊದಲು ತೇಪೆ ಹಚ್ಚುತ್ತಿದ್ದರು. ಪೆಟ್ಟಿಗೆಯ ತೋಳನ್ನು ಕೆಳಕ್ಕೆ ಬಗ್ಗಿದ್ದು ಹಾಕುವುದು, ಚಕ್ರದ ತೋಳನ್ನು ಎತ್ತರಿಸುವುದು, ಹೇಗಾದರೂ ಮಾಡಿ ಸರಳನ್ನು ಮತ್ತೆ ಮಟ್ಟಸ ಮಾಡುವುದು. ಸ್ವಲ್ಪ ಎತ್ತಿದವರಿಗೆ ಇದು ಸಾಕು. ಹೆಚ್ಚು ಎತ್ತಿದವರಿಗೆ ಬುಡದಿಂದಲೇ ಬದಲಾವಣೆ ಬೇಕಿತ್ತು. ಸರಳು ಗಾಡಿಯ ಉದ್ದಕ್ಕೆ ಇರುವುದೇ ರೋಗದ ಮೂಲ, ಅಡ್ಡಕ್ಕೆ ಹಾಕಿದರೆ? ಅಂದರೆ ಎಡಗಡೆಯ ಪೆಟ್ಟಿಗೆಯಿಂದ ಸರಳು ಗಾಡಿಗೆ ಅಡ್ಡಲಾಗಿ ಹಾದು ಬಲ ಚಕ್ರಕ್ಕೆ ಹೋಗುವುದು. ಆಗ ಆಕ್ಸಲ್ ಹಿಂದೆ ಮುಂದೆ ಸರಿದರೆ ಸರಳಿಗೆ ಅದು ಲೆಕ್ಕಕ್ಕೇ ಇಲ್ಲ. ಮೇಲೆ ಕೆಳಗೆ ಆಡಿದರೂ ಸರಳು ಉದ್ದ ಇರುವುದರಿಂದ ಅದರ ಕಮಾನು ಬಹಳ ಚಪ್ಪಟೆ. ಇದೇ ಕ್ರಾಸ್‌ಓವರ್ ಸ್ಟಿಯರಿಂಗ್. ಜೊತೆಗೆ ಚಕ್ರ ಹೊತ್ತ ಗೆಣ್ಣುಗಳ ಮೇಲ್ಭಾಗಕ್ಕೆ ಹೊಸ ತೋಳು ಕೂರಿಸಿ, ಟೈ ರಾಡನ್ನೂ ಸ್ಪ್ರಿಂಗಿನ ಮೇಲಕ್ಕೆ ತಂದರು. ಕೆಳಗಿದ್ದಾಗ ಬಂಡೆಗೆ ಬಡಿದು ಬಾಳೆಹಣ್ಣಿನಂತೆ ಬಾಗುತ್ತಿದ್ದುದು ಈಗ ಬಚಾವಾಯಿತು.

ಆದರೆ ಇದಕ್ಕೆ ತೋಳನ್ನು ಹಿಂದೆ ಮುಂದೆ ಆಡಿಸುವ ಹಳೇ ಪೆಟ್ಟಿಗೆ ಆಗುವುದಿಲ್ಲ, ಎಡ ಬಲ ಆಡಿಸುವ ಪೆಟ್ಟಿಗೆ ಬೇಕು. ಅಂಥ ಪೆಟ್ಟಿಗೆ ಎಲ್ಲಿ ಸಿಕ್ಕಿತು ಗೊತ್ತೇ? ಅವರೆಲ್ಲ ಬಾಯಿಗೆ ಬಂದಂತೆ ಬೈಯುತ್ತಿದ್ದ 1986ರ ನಂತರದ ಸ್ವತಂತ್ರ ಸಸ್ಪೆನ್ಷನ್ನಿನ ಪಿಕಪ್ಪಿನಲ್ಲಿ! ಹೊಸದರ ಆಕ್ಸಲ್ ಬೇಡ, ಹೊಸದರ ಸ್ಟಿಯರಿಂಗ್ ಪೆಟ್ಟಿಗೆ ಬೇಕು. ಹಳೆಯದರ ಆಕ್ಸಲ್ ಬೇಕು, ಹಳೆಯದರ ಸ್ಟಿಯರಿಂಗ್ ಬೇಡ. ಹಳೇ ಬೇರು ಹೊಸ ಚಿಗುರು ಎಂದು ಓದಿದ್ದು ಹೀಗೂ ನಿಜವಾಗಬಹುದೆಂದು ನನಗೆ ಗೊತ್ತಿರಲಿಲ್ಲ :-) ನನ್ನ ಮಿತ್ರ ಅವತ್ತು ಚಾಸಿಗೆ ಬಿಗಿಯುತ್ತಿದ್ದುದು ಅಂಥದೇ ಒಂದು ಗುಜರಿ ಪೆಟ್ಟಿಗೆಯನ್ನು.

*

ಎತ್ತುವುದೊಂದೇ ದಾರಿಯಲ್ಲ ಎಂದು ತೋರಿಸಿದವರು ಐಸ್‌ಲ್ಯಾಂಡಿನವರು. ಅಲ್ಲಿ ಶತ್ರು ಬಂಡೆಯಲ್ಲ, ಹಿಮ. ಹಿಮದ ಮೇಲೆ ತೇಲಬೇಕಾದರೆ ಟೈರಿನ ಪಾದ ಅಗಲವಾಗಬೇಕು. 38 ಇಂಚು, 44 ಇಂಚಿನ ಟೈರು ಹಾಕಿ ಗಾಳಿಯನ್ನು ಹೆಚ್ಚುಕಮ್ಮಿ ಪೂರ್ತಿ ಬಿಟ್ಟುಬಿಡುತ್ತಾರೆ. ಅಷ್ಟು ದೊಡ್ಡ ಟೈರಿಗೆ ಜಾಗ ಮಾಡಲು ಗಾಡಿಯನ್ನು ಮುಗಿಲಿಗೆ ಎತ್ತುವ ಬದಲು ಮಡ್‌ಗಾರ್ಡ್ ಕತ್ತರಿಸಿ ಅಗಲ ಮಾಡುತ್ತಾರೆ. 1990ರಲ್ಲಿ ಟೊಯೊಟಾದ ಅಲ್ಲಿನ ಮಾರಾಟಗಾರರ ಒಂದು ವಿಭಾಗವಾಗಿ ಹುಟ್ಟಿದ ಆರ್ಕ್ಟಿಕ್ ಟ್ರಕ್ಸ್ ಈ ವಿದ್ಯೆಯನ್ನೇ ಕಸುಬು ಮಾಡಿಕೊಂಡಿತು. 2007ರಲ್ಲಿ ಬಿಬಿಸಿಯ ಟಾಪ್ ಗೇರ್‌ನವರು ಉತ್ತರದ ಕಾಂತೀಯ ಧ್ರುವದ ಕಡೆಗೆ ಓಡಿಸಿಕೊಂಡು ಹೋದದ್ದು ಅವರು ಮಾರ್ಪಡಿಸಿದ ಹೈಲಕ್ಸನ್ನೇ, ಅದೂ ಸ್ವತಂತ್ರ ಸಸ್ಪೆನ್ಷನ್ನಿನದನ್ನು.

ನಮ್ಮವರೂ ಅದರಲ್ಲಿ ಹೋಗಿದ್ದಾರೆ! 2010ರ ನವೆಂಬರಿನಲ್ಲಿ ರಸಿಕ್ ರವೀಂದ್ರ ಅವರ ನಾಯಕತ್ವದಲ್ಲಿ ಎಂಟು ಜನ ಭಾರತೀಯರು ಅಂಟಾರ್ಕ್ಟಿಕದ ನಮ್ಮ ಮೈತ್ರಿ ನೆಲೆಯಿಂದ ದಕ್ಷಿಣ ಧ್ರುವಕ್ಕೆ ನೆಲದ ಹಾದಿಯಲ್ಲೇ ತಲುಪಿದರು. ಅವರನ್ನು ಹೊತ್ತೊಯ್ದದ್ದು ಆರ್ಕ್ಟಿಕ್ ಟ್ರಕ್ಸ್ ಮಾರ್ಪಡಿಸಿದ ಹೈಲಕ್ಸ್‌ಗಳು.

ಅಂದರೆ ಗಟ್ಟಿ ಆಕ್ಸಲ್ಲೇ ದೊಡ್ಡದು, ಸ್ವತಂತ್ರ ಸಸ್ಪೆನ್ಷನ್ ದಂಡ ಎನ್ನುವಂತಿಲ್ಲ. ಹಾದಿ ನೋಡಿ ಗಾಡಿ. ಬಂಡೆಯಲ್ಲಿ ಒಂದು ಗೆದ್ದರೆ ಮರಳಿನ ವೇಗದಲ್ಲಿ ಇನ್ನೊಂದು ಗೆಲ್ಲುತ್ತದೆ. ಇವತ್ತಿಗೂ ಜೀಪ್ ರ‍್ಯಾಂಗ್ಲರ್, ಸುಜುಕಿ ಜಿಮ್ನಿ, ಟೊಯೊಟಾದ 70 ಸರಣಿಯ ಲ್ಯಾಂಡ್ ಕ್ರೂಸರ್ ಮುಂದಿನ ಗಟ್ಟಿ ಆಕ್ಸಲ್ ಬಿಟ್ಟಿಲ್ಲ. ನಮ್ಮ ಮಹೀಂದ್ರಾ ಥಾರ್ 2010ರಲ್ಲಿ ಬಂದಾಗ ಮುಂದೆ ಟಾರ್ಷನ್ ಬಾರಿನ ಸ್ವತಂತ್ರ ಸಸ್ಪೆನ್ಷನ್ ಹೊತ್ತುಕೊಂಡೇ ಬಂತು. ಹಳೇ ಜೀಪಿನವರು ಆಗ ಗೊಣಗಿದ್ದು 1986ರಲ್ಲಿ ಅಮೆರಿಕದವರು ಗೊಣಗಿದ್ದನ್ನೇ. ಹೈಲಕ್ಸ್ 2022ರಲ್ಲಿ ಭಾರತಕ್ಕೂ ಬಂತು, ಅದನ್ನು ಜೋಡಿಸುವುದು ನಮ್ಮ ಬಿಡದಿಯಲ್ಲೇ.

ಎತ್ತುವ ಆಸೆ ನಮ್ಮಲ್ಲೂ ಕಮ್ಮಿಯಿಲ್ಲ. ಆದರೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತಿರಿಕ್ತವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು. ಐಸ್‌ಲ್ಯಾಂಡಿನಲ್ಲಿ ಮಾರ್ಪಡಿಸಿದ ಗಾಡಿಯನ್ನು ತಪಾಸಣೆ ಮಾಡಿ, ಮಾರ್ಪಡಿಸಿದ ಗಾಡಿಯೆಂದೇ ದಾಖಲು ಮಾಡುತ್ತಾರೆ. ಅಲ್ಲಿ ಸ್ಟಿಯರಿಂಗ್ ನೋಡುವ ಒಬ್ಬ ಅಧಿಕಾರಿ ಇದ್ದಾನೆ. ಇಲ್ಲಿ ಕದ್ದುಮುಚ್ಚಿ ಎತ್ತಿದ ಗಾಡಿಯ ಸ್ಟಿಯರಿಂಗನ್ನು ನೋಡುವವರು ಯಾರು? ಮೊದಲ ಗುಂಡಿಯೇ.

ದೊಡ್ಡಪ್ಪ ಈಗಿಲ್ಲ. ಕೊನೆಯ ಸಲ ಅವರನ್ನು ಕಂಡಾಗ ಕ್ಯಾಲಿಫೋರ್ನಿಯಾದ ಆ ರಟ್ಟಿನ ಚಿತ್ರವನ್ನು ಒಂದು ಹಳೇ ಲಗ್ನಪತ್ರಿಕೆಯ ಹಿಂದೆ ಬರೆದು ತೋರಿಸಿದ್ದೆ. ಎರಡು ಗೂಟ, ಒಂದು ಕರು. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು, "ಹಂಗಾರೆ ಅವನು ಸುಳ್ಳು ಹೇಳಿರ್ಲಿಲ್ಲ" ಎಂದರು. ಅಷ್ಟೇ. ಸ್ವಲ್ಪ ಹೊತ್ತು ಬಿಟ್ಟು "ಅವನ ಮನೆ ಕಳಸದ ಕಡೆ ಅಂತ ನೆನಪು" ಎಂದರು. ಆ ವಾರವೇ ವಿಚಾರಿಸಿದೆವು. ಆ ಮನೆಯಲ್ಲಿ ಬೇರೆಯವರಿದ್ದರು, ಇವನೆಲ್ಲಿ ಹೋದನೆಂದು ಯಾರಿಗೂ ಗೊತ್ತಿರಲಿಲ್ಲ.

ನಿಮ್ಮೂರಲ್ಲೂ ಯಾವುದಾದರೂ ಗಾಡಿಯನ್ನು ಎತ್ತಿಸಿದ್ದರೆ ಒಮ್ಮೆ ಅದರ ಕೆಳಗೆ ಬಗ್ಗಿ ನೋಡಿ. ಸ್ಟಿಯರಿಂಗ್ ಪೆಟ್ಟಿಗೆಯಿಂದ ಹೊರಟ ಸರಳು ಮಟ್ಟಸವಾಗಿದೆಯೋ ಇಳಿಜಾರಾಗಿದೆಯೋ ನೋಡಿ. ಇಳಿಜಾರಾಗಿದ್ದರೆ ಓಡಿಸುವವನಿಗೆ ಮೊದಲೇ ಹೇಳಿ. ಮತ್ತೆ ಎಂದಾದರೂ ಅವನು ಬಂದು "ಅದೇ ತಿರುಗಿತು" ಎಂದರೆ, ದಯವಿಟ್ಟು ನಂಬಿ.